ಫ್ಲೆಕ್ಸಿನ ಮೇಲಿನ ಹೆಂಗಸು

ಮದುವೆಯಾಗಿ ಕೆ.ಆರ್. ಪೇಟೆಗೆ ಬಂದ ಮೇಲೆ ರಂಜಿತಳ ಹಗಲೆಲ್ಲ ಕಿಟಕಿಯಿಲ್ಲದ ಒಂದು ಕೋಣೆಯಲ್ಲಿ ಕಳೆಯುತ್ತಿತ್ತು. ಗಂಡ ಶಶಿಯದು ಬಸ್‌ಸ್ಟ್ಯಾಂಡಿನ ಹತ್ತಿರ ಫೋಟೊ ಸ್ಟುಡಿಯೊ. ಮುಂದೆ ಗಾಜಿನ ಬಾಗಿಲು, ಕೌಂಟರು, ಗಿರಾಕಿಗಳಿಗೆ ತೋರಿಸಲು ಇಟ್ಟ ಆಲ್ಬಮ್ಮುಗಳು. ನಡುವೆ ಪಾಸ್‌ಪೋರ್ಟ್ ಫೋಟೊ ತೆಗೆಯುವ ಜಾಗ. ಅದರ ಹಿಂದೆ ಕಂಪ್ಯೂಟರಿನ ಕೋಣೆ. ಶಶಿ ಮದುವೆ, ಸೀಮಂತ, ನಾಮಕರಣ ಎಂದು ಕ್ಯಾಮೆರಾ ಹೊತ್ತು ಕಿಕ್ಕೇರಿಯಿಂದ ನಾಗಮಂಗಲದವರೆಗೆ ಸುತ್ತುತ್ತಿದ್ದ. ಅವನು ತಂದ ಫೋಟೊಗಳನ್ನು ತಿದ್ದಿ ಆಲ್ಬಮ್ಮಿಗೆ ಜೋಡಿಸುವುದು ಅವಳ ಕೆಲಸ.

ತಿದ್ದುವುದೆಂದರೆ ಮುಖ್ಯವಾಗಿ ಬೆಳ್ಳಗೆ ಮಾಡುವುದು. ಬಿಸಿಲಲ್ಲಿ ನಾಟಿ ಹಾಕಿದ ಹುಡುಗಿ, ಡೈರಿಗೆ ಹಾಲು ಹಾಕಿ ಬಂದ ಹುಡುಗಿ, ಬಿ.ಎಡ್. ಓದಿದ ಹುಡುಗಿ, ಎಲ್ಲರೂ ಆ ಕೋಣೆಯಿಂದ ಒಂದೇ ಬಣ್ಣಕ್ಕೆ ತಿರುಗಿ ಹೊರಗೆ ಹೋಗುತ್ತಿದ್ದರು. ಮೊದಲು ಮುಖ, ಆಮೇಲೆ ಕುತ್ತಿಗೆ, ಆಮೇಲೆ ಕೈಗಳು. ಕೈ ಮರೆತರೆ ಹುಡುಗಿಯ ಕಡೆಯವರು ವಾಪಸು ತರುತ್ತಿದ್ದರು. ರಂಜಿತಳೂ ಕಪ್ಪೇ. ಅವಳ ಮದುವೆಯ ಆಲ್ಬಮ್ಮನ್ನು ಶಶಿಯೇ ಕೂತು ಮಾಡಿದ್ದ. ಅದನ್ನು ನೋಡಿದ ಅವಳ ಅಪ್ಪ ಮಂಚಯ್ಯ, "ಹುಡ್ಗ ನಮ್ಮ ಅಳಿಯಾನೆಯ. ಪಕ್ಕದಲ್ಲಿ ನಿಂತವ್ಳು ಯಾರು, ಮಗ?" ಎಂದು ಕೇಳಿ ಎಲ್ಲರನ್ನೂ ನಗಿಸಿದ್ದರು. ರಂಜಿತಳೂ ನಕ್ಕಿದ್ದಳು.

ಶಶಿ ಕೆಟ್ಟವನಲ್ಲ. ಕುಡಿಯುತ್ತಿರಲಿಲ್ಲ, ಕೈಯೆತ್ತುತ್ತಿರಲಿಲ್ಲ. ಆದರೆ ಅವಳು ಹೊರಗೆ ಹೊರಟರೆ ಮಾತ್ರ ಅವನಿಗೆ ಏನೋ ಕಳವಳ. "ಬಿಸ್ಲು ಕಣೆ, ಇನ್ನೂ ಕರ್ರಗಾಯ್ತೀಯ," ಎನ್ನುತ್ತಿದ್ದ. ಅತ್ತೆ ಸಿದ್ದಲಿಂಗಮ್ಮ ಪ್ರತಿ ಶುಕ್ರವಾರ ಕಡಲೆಹಿಟ್ಟು, ಹಾಲಿನ ಕೆನೆ ಕಲಸಿ ಸೊಸೆಯ ಮುಖಕ್ಕೆ ತಾವೇ ಹಚ್ಚುತ್ತಿದ್ದರು. ಅವರೂ ಕಪ್ಪು. "ನಮ್ಮತ್ತೆ ನನ್ನ ಹೆಸ್ರಿಡುದು ಒಂದಿನ ಕರುದ್ರಾ ಕೇಳು. ಕರಿಮೂತಿ, ಕರಿಮೂತಿ ಅಂತ್ಲೇ ಜೀವ ಬುಟ್ಟ್ರು. ನಿಂಗೆ ಆ ಗತಿ ಬ್ಯಾಡ ಕಣಮ್ಮಿ," ಎನ್ನುವಾಗ ಅವರ ಬೆರಳುಗಳು ಮೆತ್ತಗಿರುತ್ತಿದ್ದವು. ಅದಕ್ಕೇ ರಂಜಿತಳಿಗೆ ಬೇಡ ಎನ್ನಲು ಬಾಯಿ ಬರುತ್ತಿರಲಿಲ್ಲ.

ಆ ವರ್ಷದ ಮಾಗಿಯಲ್ಲಿ ಒಂದು ಬೆಳಿಗ್ಗೆ ಸ್ಟುಡಿಯೊಗೆ ಮಾರ್ವಾ ಜೋಸೆಫ್ ಎಂಬ ಹೆಂಗಸು ಬಂದಳು. ನಲವತ್ತರ ಆಸುಪಾಸು. ಎತ್ತರದ ಆಳು. ತಲೆತುಂಬ ಸಣ್ಣಸಣ್ಣ ಜಡೆ, ಹೆಗಲಿಗೆ ಎರಡು ಕ್ಯಾಮೆರಾ. ಕೆ.ಆರ್. ಪೇಟೆಯಲ್ಲಿ ಯಾರೂ ಕಂಡಿರದಷ್ಟು ಕಪ್ಪು. ಬಸ್‌ಸ್ಟ್ಯಾಂಡಿನಿಂದ ಅವಳ ಹಿಂದೆಯೇ ಒಂದು ಗುಂಪು ಮೊಬೈಲ್ ಎತ್ತಿ ಹಿಡಿದು ಬಂದಿತ್ತು. ಒಳಗೆ ಬಂದವಳೇ ಗಾಜಿನ ಬಾಗಿಲನ್ನು ಎಳೆದುಕೊಂಡು ಅದಕ್ಕೆ ಬೆನ್ನು ಕೊಟ್ಟು ನಿಂತು ಒಂದು ಉಸಿರು ಬಿಟ್ಟಳು.

"ಮೇಡಂ, ವಿಚ್ ಕಂಟ್ರಿ?" ಶಶಿ ಕೇಳಿದ.

ತಾನು ಹುಟ್ಟಿ ಬೆಳೆದದ್ದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್, ಅಪ್ಪ ಅಮ್ಮ ಅಲ್ಲಿಗೆ ಬಂದದ್ದು ಸೇಂಟ್ ವಿನ್ಸೆಂಟ್ ಎಂಬ ದ್ವೀಪದಿಂದ ಎಂದಳು. ಶಶಿಗೆ ಗೊತ್ತಾಗಲಿಲ್ಲ. ವೆಸ್ಟ್ ಇಂಡೀಸ್ ಎಂದ ಕೂಡಲೇ ಅವನ ಮುಖ ಅರಳಿತು. "ಓ, ಕ್ರಿಕೆಟ್!" ಎಂದು ಕುರ್ಚಿ ಎಳೆದು ಹಾಕಿದ. ಅವಳೂ ನಕ್ಕಳು. ಈ ಮಾತನ್ನು ಅವಳು ಮೈಸೂರಿನಿಂದ ಇಲ್ಲಿಯವರೆಗೆ ಎಷ್ಟು ಸಲ ಕೇಳಿದ್ದಳೋ.

ಮೈಸೂರಿನ ಕಲಾವಿದರ ಸಂಸ್ಥೆಯೊಂದು ಅವಳನ್ನು ಕೆಲವು ತಿಂಗಳಿಗೆ ಕರೆಸಿಕೊಂಡಿತ್ತು. ಕಪ್ಪು ಮೈಯವರು ಕುಣಿಯುವಾಗಿನ ಫೋಟೊ ತೆಗೆಯುವುದು ಅವಳ ಕೆಲಸ. ತನ್ನ ಜನರನ್ನು ಅನೇಕ ವರ್ಷ ತೆಗೆದಿದ್ದಳು. ಈ ಸೀಮೆಯ ಕುಣಿತದವರನ್ನೂ ತೆಗೆಯಬೇಕೆಂದು ಬಂದಿದ್ದಳು. ಹಿಂದೆ ಕಟ್ಟಲು ಒಂದು ಬಟ್ಟೆ, ಎರಡು ಸ್ಟ್ಯಾಂಡು ಬಾಡಿಗೆಗೆ ಬೇಕಾಗಿತ್ತು. ಬಟ್ಟೆ ಆರಿಸಲು ಒಳಗೆ ಬಂದವಳಿಗೆ ಕಂಪ್ಯೂಟರಿನ ಮುಂದೆ ಕೂತ ರಂಜಿತ ಕಂಡಳು. ಪರದೆಯ ಮೇಲೆ ಒಬ್ಬ ಮದುಮಗಳು. ಅರ್ಧ ಮುಖ ಬೆಳ್ಳಗಾಗಿತ್ತು, ಇನ್ನರ್ಧ ಹಾಗೇ ಇತ್ತು.

ಮಾರ್ವಾ ಬಹಳ ಹೊತ್ತು ಅದನ್ನು ನೋಡಿದಳು. ಬೈಯಲಿಲ್ಲ. "ನೀನು ಇಡೀ ದಿನ ಇದನ್ನೇ ಮಾಡುತ್ತೀಯಾ?" ಎಂದಷ್ಟೇ ಕೇಳಿದಳು. ರಂಜಿತ ಬಿ.ಕಾಂ. ಓದಿದ್ದಳು, ಇಂಗ್ಲಿಷ್ ತಡವರಿಸಿದರೂ ಬರುತ್ತಿತ್ತು. ಹೌದು ಎಂದಳು. ಮಾತಿಗೆ ಮಾತು ಬೆಳೆದು, ತನ್ನ ತವರು ಪಾಂಡವಪುರದ ಹತ್ತಿರದ ಊರು, ಅಪ್ಪ ಪಟ ಕುಣಿತದವರು, ತಾನೂ ಮದುವೆಗೆ ಮುಂಚೆ ಕುಣಿಯುತ್ತಿದ್ದೆ ಎಂಬುದೂ ಬಾಯಿಗೆ ಬಂದುಬಿಟ್ಟಿತು. ಆ ಕೊನೆಯ ಮಾತನ್ನು ಅವಳು ಆ ಮನೆಯಲ್ಲಿ ಯಾರ ಮುಂದೆಯೂ ಆಡುತ್ತಿರಲಿಲ್ಲ. ಕುಣಿತ ಬಿಡಬೇಕು ಎಂಬ ಕರಾರಿನ ಮೇಲೆಯೇ ಸಂಬಂಧ ಕೂಡಿಬಂದಿತ್ತು.

ಮಾರ್ವಾ ಪಾಂಡವಪುರಕ್ಕೆ ಹೋಗುವಾಗ ರಂಜಿತಳನ್ನು ಜೊತೆಗೆ ಕಳಿಸಿಕೊಡಿ, ಮಾತು ತಿಳಿಸಲು ಒಬ್ಬರು ಬೇಕು ಎಂದು ಶಶಿಯನ್ನೇ ಕೇಳಿದಳು. ಶಶಿ ಹಿಂದುಮುಂದು ನೋಡಿದ. ಆಮೇಲೆ ವಿದೇಶದ ಫೋಟೊಗ್ರಾಫರ್ ನಮ್ಮ ಸ್ಟುಡಿಯೊದೊಂದಿಗೆ ಕೆಲಸ ಮಾಡಿದರು ಎಂದು ಬೋರ್ಡಿನಲ್ಲಿ ಹಾಕಿಕೊಳ್ಳಬಹುದಲ್ಲ ಎನ್ನಿಸಿ ಒಪ್ಪಿದ. "ಅಪ್ಪಾವ್ರ ಮನೇಗ್ ತಾನೆ. ಕೊಡೆ ತಕ್ಕೊಂಡ್ ಹೋಗು," ಎಂದ.

ಕಾರು ಚಿನಕುರಳಿಯ ಹತ್ತಿರ ಬಂದಾಗ ಮಾರ್ವಾ ನಿಲ್ಲಿಸಲು ಹೇಳಿದಳು. ರಸ್ತೆಯ ಎರಡೂ ಕಡೆ ಕಬ್ಬು. ಒಂದು ಗದ್ದೆಯಲ್ಲಿ ಕಟಾವು ನಡೆದಿತ್ತು. ಅವಳು ಇಳಿದು ಬದುವಿನ ಮೇಲೆ ನಿಂತಳು, ಕ್ಯಾಮೆರಾ ಎತ್ತಲಿಲ್ಲ.

"ಇದನ್ನು ಕಡಿಯಲಿಕ್ಕೇ ನಮ್ಮ ಹಿರಿಯರನ್ನು ಆಫ್ರಿಕಾದಿಂದ ಹಡಗಿನಲ್ಲಿ ತುಂಬಿ ತಂದದ್ದು," ಎಂದಳು. "ಹಡಗಿನಲ್ಲಿ ಸರಪಳಿ ಹಾಕಿ ಮಲಗಿಸುತ್ತಿದ್ದರು. ಮೈ ಜಡವಾಗಿ ಸತ್ತರೆ ನಷ್ಟ ಅಂತ ಆಗಾಗ ಮೇಲೆ ಎಳೆತಂದು, ಚಾಟಿ ಹಿಡಿದು ಕುಣಿಸುತ್ತಿದ್ದರು. ದ್ವೀಪಕ್ಕೆ ಬಂದ ಮೇಲೆ ಜನ ತಾವಾಗಿ ಕುಣಿಯತೊಡಗಿದರೆ, ಕುಣಿಯಬೇಡಿ, ಡೋಲು ಬಡಿಯಬೇಡಿ ಅಂತ ಕಾನೂನು ತಂದರು."

ಕಬ್ಬು ಕಡಿಯುತ್ತಿದ್ದ ಹೆಂಗಸೊಬ್ಬಳು ಒಂದು ಜಲ್ಲೆ ಮುರಿದು, "ತಿನ್ನಕ್ಕೆ ಕೊಡವ್ವ ಅವ್ರಿಗೆ," ಎಂದು ಚಾಚಿದಳು. ಮಾರ್ವಾ ಅದನ್ನು ಈಸಿಕೊಂಡು ಕಾರಿನಲ್ಲಿ ಕೂತು ಸಿಗಿದು ತಿಂದಳು. ತಿನ್ನುತ್ತ ತನ್ನ ಅಮ್ಮನ ವಿಷಯ ಹೇಳಿದಳು. ಆಸ್ಪತ್ರೆಯಲ್ಲಿ ರೋಗಿಗಳನ್ನು ಎತ್ತಿ ಇಳಿಸಿ ಬೆನ್ನು ಕಳೆದುಕೊಂಡ ಆಯಾ. ಮನೆಯಲ್ಲಿ ಒಂದು ದಿನವೂ ಕುಣಿದವಳಲ್ಲ. ಕೊನೆಗಾಲದಲ್ಲಿ ಮಗಳು ರೇಡಿಯೊ ಹಚ್ಚಿದಾಗ ಹಾಸಿಗೆಯಲ್ಲೇ ಭುಜ ಆಡಿಸಿದ್ದಳಂತೆ. ಆಗ ಅವಳ ಮುಖದಲ್ಲಿದ್ದ ನೋವು ಸ್ವಲ್ಪ ಹೊತ್ತು ಇಳಿದದ್ದನ್ನು ಕಂಡ ಮೇಲೆ ಮಾರ್ವಾ ಬೇರೆ ಕೆಲಸವೆಲ್ಲ ಬಿಟ್ಟು ಕುಣಿಯುವವರ ಹಿಂದೆ ಬಿದ್ದಳು.

ಮಂಚಯ್ಯ ಕೆರೆ ಏರಿಯ ಕೆಳಗಿನ ಕಣದಲ್ಲಿ ಪಟಗಳನ್ನು ಸಿಂಗರಿಸಿ ಕಾದಿದ್ದರು. ಎರಡಾಳು ಎತ್ತರದ ಬಿದಿರ ಗಳು, ಮೇಲಿಂದ ಕೆಳಗಿನವರೆಗೆ ಸುತ್ತಿದ ಬಣ್ಣದ ಬಟ್ಟೆ, ತುದಿಯಲ್ಲಿ ಹಿತ್ತಾಳೆಯ ಕೊಡೆ. ಅದನ್ನು ಅಂಗೈ ಮೇಲೆ, ಹೆಗಲ ಮೇಲೆ, ಹಲ್ಲಿನ ಮೇಲೆ ನಿಲ್ಲಿಸಿಕೊಂಡು ತಮಟೆಗೆ ಹೆಜ್ಜೆ ಹಾಕಬೇಕು. ಗಂಡಸರು ಕುಣಿದರು. ಅವರು ಕ್ಯಾಮೆರಾಕ್ಕೆ ಬಿಗಿದುಕೊಂಡು ನಿಂತಾಗ ಮಾರ್ವಾ ಬೂಟು ಕಳಚಿಟ್ಟು ತಾನೇ ಕಣದ ನಡುವೆ ಬಂದು, ತಮಟೆಯ ತಮ್ಮಯ್ಯನಿಗೆ ಬಡಿ ಎಂದು ಸನ್ನೆ ಮಾಡಿ, ಸೊಂಟ ತಗ್ಗಿಸಿ ತನ್ನ ಜನರ ಹೆಜ್ಜೆ ಹಾಕಿದಳು. ಊರವರು ಮೊದಲು ನಕ್ಕರು, ಆಮೇಲೆ ಸೀಟಿ ಹಾಕಿದರು. ಆ ಮೇಲೆ ಯಾರೂ ಬಿಗಿದುಕೊಳ್ಳಲಿಲ್ಲ.

"ನೀನೂ ಎತ್ತು ಮಗ," ಎಂದರು ಮಂಚಯ್ಯ.

"ಬ್ಯಾಡ ಕಣಪ್ಪ. ಅವ್ರಿಗೆ ಗೊತ್ತಾದ್ರೆ..."

"ಗೊತ್ತಾದ್ರೆ ನನ್ನ ಕೇಳಕ್ಕೇಳು. ನಾ ಏಳ್ತೀನಿ."

ಅವಳು ಸೀರೆ ಎತ್ತಿ ಕಟ್ಟಿ ಪಟ ಹಿಡಿದಳು. ಮೊದಲು ಅದು ಓಲಾಡಿ ಬೀಳುವಂತಾಯಿತು. ಕತ್ತು ಮೇಲೆತ್ತಿ ಕೊಡೆಯ ತುದಿಯನ್ನೇ ನೋಡಬೇಕು, ಕಾಲು ನೋಡಬಾರದು. ಸ್ವಲ್ಪ ಹೊತ್ತಿಗೆ ಮೈಗೆ ನೆನಪು ಬಂತು. ಮೇಲೆ ಬರೀ ಆಕಾಶ. ಅಷ್ಟು ಹೊತ್ತು ಅಷ್ಟು ದೂರ ನೋಡಿ ಎಷ್ಟು ಕಾಲವಾಗಿತ್ತೋ. ಅವಳಿಗೆ ಎದೆಯಿಂದ ಏನೋ ಬಿಚ್ಚಿಕೊಂಡಂತಾಗಿ ಉಸಿರು ಹೊಟ್ಟೆಯವರೆಗೆ ಇಳಿಯಿತು. ಬೆವರು ಕಣ್ಣಿಗೆ ಇಳಿದರೂ ನಿಲ್ಲಲಿಲ್ಲ. ಮಾರ್ವಾ ಎಲ್ಲಿ ನಿಂತು ತೆಗೆದಳೋ ಅವಳಿಗೆ ಗೊತ್ತಾಗಲಿಲ್ಲ.

ಸಂಜೆ ಜಗುಲಿಯ ಮೇಲೆ ಮಾರ್ವಾ ಕ್ಯಾಮೆರಾದಲ್ಲಿ ಫೋಟೊ ತೋರಿಸಿದಳು. ಕತ್ತೆತ್ತಿದ ಒಬ್ಬ ಕಪ್ಪು ಹೆಂಗಸು, ಕುತ್ತಿಗೆಯ ಮೇಲೆ ಬೆವರಿನ ಹೊಳಪು, ತೆರೆದ ಬಾಯಿ. ಇದನ್ನು ತಮ್ಮೂರಿನ ಪ್ರದರ್ಶನದಲ್ಲಿ ತೂಗುಹಾಕಬಹುದೇ, ಬಣ್ಣ ಚೂರೂ ಬದಲಿಸುವುದಿಲ್ಲ ಎಂದು ಮಾರ್ವಾ ಕೇಳಿದಳು. ರಂಜಿತ ಹಾಕಿ ಎಂದಳು. ತನಗೂ ಒಂದು ಪ್ರತಿ ಮೊಬೈಲಿಗೆ ಕಳಿಸಿಕೊಂಡಳು.

ಅದನ್ನು ಶಶಿ ಕಂಡುಹಿಡಿಯಲಿಲ್ಲ, ಅವಳೇ ತೋರಿಸಿದಳು. ಬೈಯುತ್ತಾನೆಂದು ಕಾದಳು. ಅವನು ಬೈಯಲಿಲ್ಲ. ಫೋನನ್ನು ಹತ್ತಿರ ಹಿಡಿದು, ದೂರ ಹಿಡಿದು, "ಎಂಥಾ ಫ್ರೇಮು ನೋಡು! ಏನ್ ಟೈಮಿಂಗ್ ಅವಮ್ಮಂದು!" ಎಂದ. ಕುಣಿದದ್ದರ ಬಗ್ಗೆ ಒಂದು ಮಾತಿಲ್ಲ. ರಂಜಿತಳಿಗೆ ಅಳುವೇ ಬಂತು, ಸಂತೋಷಕ್ಕೆ. ಮಾರನೆ ದಿನ ಅವನು ಅದೇ ಫೋಟೊವನ್ನು ಕಂಪ್ಯೂಟರಿಗೆ ಹಾಕಿ ಅವಳನ್ನು ಕರೆದ.

"ಅಂಗ್ಡಿ ಮುಂದಕ್ಕೆ ದೊಡ್ಡ ಫ್ಲೆಕ್ಸ್ ಮಾಡ್ಸನ. ನಮ್ ಮನೇದೇ ಮಾಡಲ್ಲು! ಕೂತ್ಕೊ, ನೀನೇ ತಿದ್ದು. ನಿನ್ ಕೈ ಚೆನ್ನಾಗೈತೆ."

"ಏನ್ ತಿದ್ಬೇಕು?"

"ಏನಂದ್ರೆ? ಕಲರ್ರು."

ಅವಳು ಕೂತಳು. ಬೇರೆ ಏನು ಮಾಡಬೇಕೆಂದು ಆ ಗಳಿಗೆಯಲ್ಲಿ ಹೊಳೆಯಲಿಲ್ಲ. ಮೌಸು ಹಿಡಿದ ಕೈ ತಾನಾಗಿಯೇ ಹಣೆಯಿಂದ ಶುರು ಮಾಡಿತು. ಹಣೆ ಹೋಯಿತು, ಕೆನ್ನೆ ಹೋಯಿತು. ಕುತ್ತಿಗೆಗೆ ಬಂದಾಗ ಬೆವರಿನ ಹೊಳಪು ಸುಣ್ಣದ ಗೆರೆಯಂತೆ ಕಂಡಿತು. ಅವಳು ಕೈ ಹಿಂದೆಗೆದುಕೊಂಡಳು.

"ನನ್ ಕೈಲಿ ಆಗಲ್ಲ ಕಣ್ರೀ."

"ಯಾಕೆ, ಕೈ ನೋಯ್ತಾ? ಬುಡು, ನಾ ಮಾಡ್ತೀನಿ."

ಅವನೇ ಮಾಡಿದ. ಒಂದು ವಾರದಲ್ಲಿ ಸ್ಟುಡಿಯೊದ ಬಾಗಿಲ ಮೇಲೆ ಆಳೆತ್ತರದ ಫ್ಲೆಕ್ಸ್ ಬಂತು. ಕತ್ತೆತ್ತಿ ನಗುವ ಬೆಳ್ಳನೆಯ ಹೆಂಗಸು, ಹಿಂದೆ ಹಚ್ಚಹಸಿರು ಮಾಡಿದ ಕೆರೆ ಏರಿ. ಬಸ್ಸಿಗೆ ಕಾಯುವವರು ಅದನ್ನೇ ನೋಡುತ್ತ ನಿಲ್ಲುತ್ತಿದ್ದರು. ಸಿದ್ದಲಿಂಗಮ್ಮ ಬಂದು ನೋಡಿ ದೃಷ್ಟಿ ತೆಗೆದರು. "ಲಕ್ಷ್ಮಿ ಕಂಡಂಗ್ ಕಾಣ್ತೀಯ ಕಣಮ್ಮಿ," ಎಂದರು. ರಂಜಿತ ದಿನಾ ಆ ಹೆಂಗಸಿನ ಕೆಳಗೆ ತಲೆ ತಗ್ಗಿಸಿ ಒಳಗೆ ಹೋಗುತ್ತಿದ್ದಳು. ಗೊತ್ತಿದ್ದವರು ಹೊಗಳಿದರೆ ನಗುತ್ತಿದ್ದಳು. ಗೊತ್ತಿಲ್ಲದವರು ಅವಳನ್ನು ನೋಡಿ, ಆಮೇಲೆ ಮೇಲಕ್ಕೆ ನೋಡಿ, ಸಂಬಂಧ ಕಾಣದೆ ಮುಂದೆ ಹೋಗುತ್ತಿದ್ದರು. ಕೋಣೆಯಲ್ಲಿ ಕೂತಾಗ ಉಸಿರು ಎದೆಯ ಮೇಲ್ಭಾಗದಲ್ಲೇ ನಿಲ್ಲತೊಡಗಿತು. ಕಂಪ್ಯೂಟರಿನ ಕಾವು, ಟ್ಯೂಬ್‌ಲೈಟಿನ ಸದ್ದು ಇವೆಲ್ಲ ಮೊದಲೂ ಇದ್ದವು. ಈಗ ತಡೆಯಲು ಆಗುತ್ತಿರಲಿಲ್ಲ.

ಮಾರ್ವಾ ಅಷ್ಟು ಹೊತ್ತಿಗೆ ತನ್ನ ಊರಿಗೆ ಮರಳಿದ್ದಳು. ಪ್ರದರ್ಶನ ಶುರುವಾದ ದಿನ ವಿಡಿಯೊ ಕಾಲ್ ಮಾಡಿದಳು. ಬಿಳಿ ಗೋಡೆಯ ದೊಡ್ಡ ಹಾಲು, ಸಾಲುಸಾಲು ಫೋಟೊ. ಡೋಲು ಬಡಿಯುವ ಮುದುಕ, ಗಾಲಿಕುರ್ಚಿಯಲ್ಲೇ ತೋಳೆತ್ತಿದ ಹುಡುಗಿ, ಹೆರಿಗೆಯಾದ ಹೊಟ್ಟೆಯನ್ನು ಮುಚ್ಚಿಕೊಳ್ಳದೆ ಕುಣಿಯುವ ಒಬ್ಬ ತಾಯಿ, ಅವರೆಲ್ಲರ ನಡುವೆ ರಂಜಿತ. ಜನ ಅವಳ ಮುಂದೆ ನಿಲ್ಲುತ್ತಿದ್ದರು. "ನೋಡು," ಎಂದಳು ಮಾರ್ವಾ. "ನೀನು ಈಗ ಕುಣಿಯುತ್ತಿದ್ದೀಯಾ?"

ರಂಜಿತಳಿಗೆ ಸಿಟ್ಟು ಉಕ್ಕಿತು. ಸಿಟ್ಟು ಬರುತ್ತದೆ ಎಂದು ಅವಳೇ ಎಣಿಸಿರಲಿಲ್ಲ. ಫೋನನ್ನು ಹಿಡಿದುಕೊಂಡೇ ಹೊರಗೆ ಬಂದು ಅದನ್ನು ಫ್ಲೆಕ್ಸಿನತ್ತ ತಿರುಗಿಸಿದಳು. "ನನ್ನ ಬಣ್ಣದ ನಾನು ಅಲ್ಲಿದ್ದೀನಿ, ನಿಮ್ಮ ಗೋಡೆ ಮೇಲೆ. ಇಲ್ಲಿ ಇದು ಇದೆ. ನೀವು ತೆಗೆದುಕೊಂಡು ಹೊರಟುಹೋದಿರಿ," ಎಂದಳು ಹರಕುಮುರುಕು ಇಂಗ್ಲಿಷಿನಲ್ಲಿ.

ಮಾರ್ವಾ ಫ್ಲೆಕ್ಸನ್ನು ನೋಡಿದಳು. ಹಿಂದೆ ಯಾರೋ ನಗುತ್ತಿದ್ದರು. "ನೀನು ಹೇಳುವುದು ನಿಜ," ಎಂದಳು. "ಇಳಿಸು ಅನ್ನುವುದಾದರೆ ಇಲ್ಲಿಂದ ಈಗಲೇ ಇಳಿಸುತ್ತೇನೆ. ಅಲ್ಲಿಯದನ್ನು ಇಳಿಸಲು ನನಗೆ ಆಗುವುದಿಲ್ಲ."

"ಇಳಿಸಬೇಡಿ," ಎಂದಳು ರಂಜಿತ. ಫೋನಿಟ್ಟು ಒಳಗೆ ಹೋಗಿ ಕೆಲಸಕ್ಕೆ ಕೂತಳು.

ಅದಾದ ಸ್ವಲ್ಪ ದಿನಕ್ಕೆ ನಾಗಮಂಗಲದ ಕಡೆಯ ಶ್ವೇತ ಎಂಬ ಹುಡುಗಿ ತಾಯಿಯ ಜೊತೆ ಬಂದಳು. ಅವಳ ಮದುವೆಯ ಫೋಟೊಗಳಿಂದ ಆಲ್ಬಮ್ಮಿಗೆ ಆರಿಸಬೇಕಿತ್ತು. ಗೋಧಿಗಿಂತ ಕಪ್ಪು, ನೀಳ ಮೂಗು, ಗಲ್ಲದಲ್ಲಿ ಗುಳಿ. ರಂಜಿತಳ ಪಕ್ಕ ಸ್ಟೂಲಿನ ಮೇಲೆ ಕೂತು ಫೋಟೊ ನೋಡುತ್ತ, "ಅಕ್ಕ, ಹೊರ್ಗಡೆ ಫ್ಲೆಕ್ಸಲ್ಲಿ ಇದಾರಲ್ಲ, ಅವ್ರ ಥರ ಮಾಡ್ಕೊಡಿ," ಎಂದಳು.

"ಅದು ನಾನೇ," ಎಂದಳು ರಂಜಿತ.

ಹುಡುಗಿ ತಮಾಷೆ ಎಂದುಕೊಂಡು ನಕ್ಕಳು. ರಂಜಿತ ನಗಲಿಲ್ಲ. ಫೋನಿನಲ್ಲಿದ್ದ ಮೂಲ ಫೋಟೊ ತೆಗೆದು ತೋರಿಸಿದಳು. ಶ್ವೇತ ಅದನ್ನೂ ರಂಜಿತಳ ಮುಖವನ್ನೂ ಒಂದೊಂದಾಗಿ ನೋಡಿದಳು. ಅವಳ ಕಣ್ಣುಗಳು ಅಗಲವಾದವು. ದನಿ ತಗ್ಗಿಸಿ ಕೇಳಿದಳು: "ಹಂಗಾದ್ರೆ ನಂಗೂ ಅಷ್ಟು ಬೆಳ್ಳಗೆ ಮಾಡಕ್ಕಾಯ್ತದೆ ಅಲ್ವಾ ಅಕ್ಕ?"

ಆ ಮುಖದಲ್ಲಿ ಅಷ್ಟೊಂದು ಆಸೆ ಇತ್ತು. ರಂಜಿತ ಆಯ್ತದೆ ಎಂದಳು. ಅವರನ್ನು ಕಳಿಸಿ ಹೊರಗೆ ಬಂದು ಫ್ಲೆಕ್ಸ್ ಕಟ್ಟಿದ್ದ ತಂತಿಯನ್ನು ನೋಡಿದಳು.

ಮಾರನೆಯ ಬೆಳಿಗ್ಗೆ ಅಂಗಡಿ ತೆಗೆಯಲು ಶಶಿಗಿಂತ ಮುಂಚೆ ಬಂದಳು. ಪಕ್ಕದ ಹಾರ್ಡ್‌ವೇರ್ ಅಂಗಡಿಯ ಕೆಂಪಣ್ಣನಿಂದ ಏಣಿ ಕೇಳಿ ತಂದು ಗೋಡೆಗೆ ಒರಗಿಸಿದಳು. "ಇದ್ಯಾಕವ್ವ, ನಾನ್ ಕಟ್ಕೊಡ್ತೀನಿ ಬುಡು," ಎಂದ ಕೆಂಪಣ್ಣ. "ಕಟ್ಟದಲ್ಲ ಕಣಣ್ಣ, ಬಿಚ್ಚದು," ಎಂದು ಹತ್ತಿದಳು. ತಂತಿ ಬಿಚ್ಚಲು ಬರಲಿಲ್ಲ, ಕತ್ತರಿಸಿದಳು. ಫ್ಲೆಕ್ಸ್ ಒಂದು ಮೂಲೆಯಿಂದ ನೇತಾಡಿ ರಸ್ತೆಗೆ ಬಿತ್ತು. ಮಡಿಸಿ ಒಳಗೆ ತಂದಳು.

ಶಶಿ ಬಂದು ಬರಿಯ ಗೋಡೆ ನೋಡಿದ.

"ಏನೇ ಇದು? ಇದ್ನ ನೋಡಿ ಎಷ್ಟ್ ಜನ ಬಂದವ್ರೆ ಗೊತ್ತಾ?"

"ಅದು ನಾನಲ್ಲ ಕಣ್ರೀ."

"ನೀನಲ್ದೆ ಇನ್ಯಾರು? ನಿನ್ನ ಚೆನ್ನಾಗ್ ತೋರ್ಸಿದ್ದು ತಪ್ಪಾ?"

"ಮೊದ್ಲೇ ಚೆನ್ನಾಗಿತ್ತು. ನೀವೇ ಅಂದ್ರಲ್ಲ, ಎಂಥಾ ಫ್ರೇಮು ಅಂತ."

ಅವನು ಬ್ಯಾಗನ್ನು ಕೌಂಟರಿನ ಮೇಲಿಟ್ಟ. ಆಮೇಲೆ ದನಿ ಏರಿಸದೆ ಹೇಳಿದ: "ನೋಡು ರಂಜಿ, ಬೆಳ್ಳಗೆ ಮಾಡ್ದಿದ್ರೆ ನಮ್ಮತ್ರ ಯಾರ್ ಬತ್ತಾರೆ? ಎದುರ್ಗಡೆ ಸ್ಟುಡಿಯೊಗೆ ಓಯ್ತಾರೆ. ನಾನ್ ಒಬ್ಬ ಬುಟ್ರೆ ಊರು ಬುಡ್ತದಾ? ನಂಗ್ ಗೊತ್ತಿಲ್ವಾ ಇದು ಸುಳ್ಳು ಅಂತ?"

ಅವನಿಗೂ ಗೊತ್ತು ಎಂಬುದು ಅವಳಿಗೆ ಅಂದೇ ತಿಳಿದದ್ದು. ಅದು ಸಮಾಧಾನ ಕೊಡಲಿಲ್ಲ. ಅವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಇಬ್ಬರೂ ಕೌಂಟರಿನ ಎರಡು ಕಡೆ ನಿಂತೇ ಇದ್ದರು.

"ಭಾನುವಾರ ಅಪ್ಪನ ಮನೆಗೆ ಹೋಗ್ತೀನಿ," ಎಂದಳು ಅವಳು. "ಕುಣಿತೀನಿ. ಇನ್ಮೇಲೆ ಹೋಗ್ತಾನೇ ಇರ್ತೀನಿ."

"ಅವ್ವ ಏನಂತಳೋ."

"ನಾನೇ ಹೇಳ್ತೀನಿ ಅವ್ರಿಗೆ."

ಶಶಿ ಕೌಂಟರಿನ ಮೇಲಿದ್ದ ಆರ್ಡರ್ ಪುಸ್ತಕ ತೆರೆದ. "ಸೋಮವಾರಕ್ಕೆ ನಾಗಮಂಗಲದವ್ರ ಆಲ್ಬಮ್ ರೆಡಿ ಆಗ್ಬೇಕು," ಎಂದ.

ಆಲ್ಬಮ್ಮನ್ನು ಅವಳು ಶನಿವಾರವೇ ಮುಗಿಸಿದಳು. ಶ್ವೇತ ಕೇಳಿದಂತೆ ಎಲ್ಲ ಪುಟದಲ್ಲೂ ಬೆಳ್ಳಗೆ ಮಾಡಿದಳು. ಒಂದು ಪುಟ ಮಾತ್ರ ಮುಟ್ಟಲಿಲ್ಲ. ಅದರಲ್ಲಿ ಹುಡುಗಿ ಅರಿಸಿನದ ನೀರಿಗೆ ಬೆದರಿ ಕಣ್ಣು ಮುಚ್ಚಿ ನಗುತ್ತಿದ್ದಳು. ಮುಂದಿನ ವಾರ ಶ್ವೇತಳೊಂದಿಗೆ ಆಲ್ಬಮ್ ನೋಡಲು ಬಂದ ತಾಯಿ ಅದೇ ಪುಟದ ಮೇಲೆ ಬೆರಳಿಟ್ಟು, "ಇದೊಂದು ತಿದ್ದಕ್ಕೆ ಮರ್ತವ್ರೆ," ಎಂದು ವಾಪಸು ಕೊಟ್ಟರು. ಶ್ವೇತ ಪುಟವನ್ನು ಒಂದು ಗಳಿಗೆ ಹೆಚ್ಚಾಗಿಯೇ ನೋಡಿದಳು. ರಂಜಿತ ತಿದ್ದಿಕೊಟ್ಟಳು.

ಆಲ್ಬಮ್ ಮುಗಿಸಿದ ಮರುದಿನ, ಆ ಭಾನುವಾರ, ಸಿದ್ದಲಿಂಗಮ್ಮ ಬಾಗಿಲಲ್ಲಿ ಅಡ್ಡ ನಿಂತರು. "ಮೈ ಕುಣುಸ್ಕೊಂಡು ಓಗಿ ಮರ್ವಾದಿ ಕಳೀಬ್ಯಾಡ," ಎಂದರು. ರಂಜಿತ ಅವರ ಎರಡೂ ಕೈ ಹಿಡಿದು, "ಅತ್ತೆ, ಒಳಗೆ ಉಸ್ರು ಕಟ್ತದೆ ನಂಗೆ," ಎಂದಳು. ಮುದುಕಿ ಅವಳ ಮುಖ ನೋಡಿದರು. ಏನು ಕಂಡರೋ, ಬೈಯುತ್ತಲೇ ಪಕ್ಕಕ್ಕೆ ಸರಿದರು. ಬೈಗುಳ ರಸ್ತೆಯ ತಿರುವಿನವರೆಗೂ ಕೇಳುತ್ತಿತ್ತು.

ಕಣದಲ್ಲಿ ಅವಳು ಚೆನ್ನಾಗಿ ಕುಣಿಯಲಿಲ್ಲ. ಪಟ ಮತ್ತೆ ಮತ್ತೆ ವಾಲಿತು, ಒಮ್ಮೆ ಬಿದ್ದು ಮಣಿಕಟ್ಟು ಉಳುಕಿತು. ಮಂಚಯ್ಯ ಕೆರೆಯ ನೀರಲ್ಲಿ ಬಟ್ಟೆ ಅದ್ದಿ ಸುತ್ತಿ, "ಅಭ್ಯಾಸ ತಪ್ಪೈತೆ. ಬತ್ತದೆ ಬುಡು ಮಗ," ಎಂದರು. ಊರಿನ ಕೆಲವು ಹೆಂಗಸರು ಏರಿಯ ಮೇಲೆ ಕೂತು ನೋಡಿದರು. ಅವರಲ್ಲಿ ಒಬ್ಬಳು ಇಳಿದು ಬಂದು ಪಟವನ್ನು ಮುಟ್ಟಿ ನೋಡಿ ಹೋದಳು. ಸಂಜೆಯ ಬಸ್ಸಿನಲ್ಲಿ ನಿಂತುಕೊಂಡೇ ಬಂದ ರಂಜಿತಳಿಗೆ ಮೈಯೆಲ್ಲ ನೋಯುತ್ತಿತ್ತು. ಆದರೂ ಬಹಳ ದಿನಕ್ಕೆ ಹಸಿವಾಗಿತ್ತು.

ಸೋಮವಾರ ಶಶಿ ಅವಳ ಕೈ ನೋಡಿದ. ಮೆಡಿಕಲ್ಲಿಗೆ ಹೋಗಿ ಮುಲಾಮು ತಂದು ಮೌಸಿನ ಪಕ್ಕ ಇಟ್ಟ. ಅರಕೆರೆಯಲ್ಲಿ ಒಂದು ನಾಮಕರಣ ಇತ್ತು. "ಬರ್ತೀನಿ" ಎಂದು ಬ್ಯಾಗು ಹೆಗಲಿಗೇರಿಸಿ ಗಾಜಿನ ಬಾಗಿಲು ಎಳೆದುಕೊಂಡು ಹೊರಟ. ರಂಜಿತ ಎಡಗೈಯಲ್ಲಿ ಮುಲಾಮು ಹಚ್ಚಿಕೊಂಡು, ಬೆರಳುಗಳನ್ನು ಒಂದೊಂದಾಗಿ ಮಡಿಸಿ ಬಿಡಿಸಿ ನೋಡಿ, ಕಂಪ್ಯೂಟರು ಹಚ್ಚಿದಳು.